ಫೆರಿ ಹತ್ತುವ ಮುನ್ನ ಮಗನಿಗೆ ಹೇಳಿಬಿಡಿ

ಪ್ರಶ್ನೆ: ನನಗೀಗ 48 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ನೌಕರ. ಕಾಲೇಜಿನ ದಿನಗಳಿಂದಲೂ ಬೈಕ್ ಹುಚ್ಚು. ಘಾಟಿ, ಮಳೆ, ರಾತ್ರಿ ಪ್ರಯಾಣ ಯಾವುದಕ್ಕೂ ಹೆದರಿದವನಲ್ಲ. ಮಗನಿಗೆ 20 ವರ್ಷ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೂ ಅದೇ ಹುಚ್ಚು. ಇಬ್ಬರೂ ಒಂದೊಂದು ಬೈಕಿನಲ್ಲಿ ಕರಾವಳಿ ಹಿಡಿದು ಮುಂಬೈವರೆಗೆ ಹೋಗೋಣ ಎಂದು ಅವನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಲೇ ಮಾತು ಕೊಟ್ಟಿದ್ದೆ. ಈ ಡಿಸೆಂಬರ್ ರಜೆಗೆ ಹೊರಡುವುದೆಂದು ತೀರ್ಮಾನವಾಗಿದೆ.

ಅವನು ದಾರಿಯ ನಕ್ಷೆಯನ್ನೂ ಹಾಕಿಟ್ಟಿದ್ದಾನೆ. ಗೋವಾ ದಾಟುವಾಗ ಹೆದ್ದಾರಿ ಬಿಟ್ಟು ಕಡಲಂಚಿನ ರಸ್ತೆ ಹಿಡಿಯುವುದು. ಐದು ಕಡೆ ಬೈಕ್ ಸಮೇತ ಫೆರಿ ಹತ್ತಿ ಹೊಳೆ ದಾಟಬೇಕು. ಕೊನೆಗೆ ಮಾಂಡ್ವಾದಿಂದ ಮುಂಬೈಗೆ ಸುಮಾರು ಒಂದು ಗಂಟೆ ಸಮುದ್ರದ ಮೇಲೆಯೇ ಪ್ರಯಾಣ. ಅವನಿಗೆ ಇಡೀ ಪ್ರವಾಸದಲ್ಲಿ ಇಷ್ಟವಾಗಿರುವುದೇ ಈ ಫೆರಿಗಳು.

ನನ್ನ ಕಷ್ಟ ಬೇರೆ. ನಮ್ಮೂರು ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಹಳ್ಳಿ. ನನಗೆ ಹನ್ನೊಂದು ವರ್ಷವಿದ್ದಾಗ ಜಾತ್ರೆ ಮುಗಿಸಿ ಬರುತ್ತಿದ್ದ ಹರಿಗೋಲು ಮಗುಚಿ ನಮ್ಮ ಚಿಕ್ಕಪ್ಪ ತೀರಿಕೊಂಡರು. ನಾನು ದಡದ ಮೇಲೆ ನಿಂತು ನೋಡಿದೆ. ಅಂದಿನಿಂದ ದೋಣಿ ಎಂದರೆ ಕೈಕಾಲು ತಣ್ಣಗಾಗುತ್ತವೆ. ಈಜು ಕಲಿಯಲಿಲ್ಲ. ಮಗನಿಗೆ ಇದ್ಯಾವುದೂ ಗೊತ್ತಿಲ್ಲ. ನೀರಿನ ನಡುವೆ ಅವನಿಗೇನಾದರೂ ಆದರೆ ಅವತ್ತಿನ ಹಾಗೆಯೇ ಸುಮ್ಮನೆ ನಿಂತು ನೋಡಬೇಕಾಗುತ್ತದಲ್ಲ ಎಂಬ ಯೋಚನೆಗೆ ರಾತ್ರಿ ಎಚ್ಚರವಾಗುತ್ತದೆ.

ರಜೆ ಸಿಗಲಿಲ್ಲ ಎಂದುಬಿಡಲೇ? ಫೆರಿಗಳು ನಿಂತಿವೆಯಂತೆ ಎಂದು ಹೇಳಿ ಹೆದ್ದಾರಿಯಲ್ಲೇ ಕರೆದುಕೊಂಡು ಹೋಗಲೇ? ಸ್ನೇಹಿತರೊಬ್ಬರು ‘ಒಂದು ಪೆಗ್ ಹಾಕಿ ಹತ್ತಿಬಿಡು’ ಅನ್ನುತ್ತಾರೆ. ಅಪ್ಪ ಪುಕ್ಕಲ ಎಂದು ಮಗ ಅಂದುಕೊಳ್ಳುವುದನ್ನು ಸಹಿಸಲಾರೆ. ಹೆಂಡತಿಗೆ ಮಾತ್ರ ವಿಷಯ ಗೊತ್ತು. ನಿಮಗೆ ಬರೆಯಲು ಹೇಳಿದ್ದೂ ಅವಳೇ. ಅವನಿಗೇನಾದರೂ ಆದರೆ ಅವಳ ಮುಖ ಹೇಗೆ ನೋಡಲಿ?

— ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಕೇಳಿದ ಮೂರು ಪ್ರಶ್ನೆಗಳಿಗೂ ಮೊದಲೇ ಉತ್ತರ ಹೇಳಿಬಿಡುತ್ತೇನೆ. ರಜೆಯ ಸುಳ್ಳು ಬೇಡ, ಫೆರಿ ನಿಂತಿದೆ ಎಂಬ ಸುಳ್ಳೂ ಬೇಡ, ಪೆಗ್ಗಂತೂ ಬೇಡವೇ ಬೇಡ. ಮಗನ ಜೊತೆ ಹೋಗಿ ಬನ್ನಿ. ಆದರೆ ಹೊರಡುವ ಮೊದಲು ಚಿಕ್ಕಪ್ಪನ ವಿಷಯವನ್ನು ಅವನಿಗೆ ಹೇಳಿ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ‘ನಾನು ಮುಳುಗಿದರೆ’ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ‘ಅವನಿಗೇನಾದರೂ ಆದರೆ’ ಎಂದು ಎರಡು ಸಲ ಬರೆದಿದ್ದೀರಿ. ನಿಮ್ಮನ್ನು ಇಷ್ಟು ವರ್ಷ ಕಾಡಿದ್ದು ನೀರೊಂದೇ ಅಲ್ಲ. ಪ್ರೀತಿಸುವವರು ಕಷ್ಟದಲ್ಲಿದ್ದಾಗ ಏನೂ ಮಾಡಲಾಗದೆ ದಡದಲ್ಲಿ ನಿಂತ ಆ ಗಳಿಗೆ ಅದಕ್ಕಿಂತ ಹೆಚ್ಚು ಕಾಡಿದೆ. ಹನ್ನೊಂದು ವರ್ಷದ ಹುಡುಗ ಹೊಳೆಗೆ ಹಾರಿ ದೊಡ್ಡವರೊಬ್ಬರನ್ನು ಎಳೆದು ತರುವುದು ಸಾಧ್ಯವಿರಲಿಲ್ಲ. ಇದು ನಿಮ್ಮ ಬುದ್ಧಿಗೆ ಗೊತ್ತು. ಆದರೂ ಆ ಹುಡುಗನಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದರೇ? ನಮ್ಮ ಮನೆಗಳಲ್ಲಿ ಸಾವಾದಾಗ ದೊಡ್ಡವರ ದುಃಖದ ನಡುವೆ ಮಕ್ಕಳು ಏನು ನೋಡಿದರು, ಏನು ಅಂದುಕೊಂಡರು ಎಂದು ಕೇಳುವ ರೂಢಿಯೇ ಇರಲಿಲ್ಲ. ನಿಮ್ಮನ್ನೂ ಯಾರೂ ಕೇಳಿರಲಾರರು.

ಬೈಕಿನ ಮೇಲೆ ನಿಮಗೆ ಧೈರ್ಯವಿರುವುದಕ್ಕೂ ದೋಣಿಯಲ್ಲಿ ಅದು ಕೈಕೊಡುವುದಕ್ಕೂ ಕಾರಣ ಒಂದೇ. ಬೈಕಿನ ಹ್ಯಾಂಡಲ್, ಬ್ರೇಕು, ಕ್ಲಚ್ಚು ಎಲ್ಲವೂ ನಿಮ್ಮ ಕೈಯಲ್ಲಿರುತ್ತವೆ. ಮುಂದೆ ಗುಂಡಿ ಕಂಡರೆ ಏನು ಮಾಡಬೇಕೆಂದು ನೀವೇ ತೀರ್ಮಾನಿಸುತ್ತೀರಿ. ಫೆರಿಯಲ್ಲಿ ಹಾಗಿಲ್ಲ. ಇಂಜಿನ್ ಆಫ್ ಮಾಡಿ, ಸ್ಟ್ಯಾಂಡ್ ಹಾಕಿ, ಮುಖ ಪರಿಚಯವೂ ಇಲ್ಲದ ಚಾಲಕನ ಮೇಲೆ ನಂಬಿಕೆಯಿಟ್ಟು ನಿಲ್ಲಬೇಕು. ಸಾವಿರಾರು ಕಿಲೋಮೀಟರ್ ಬೈಕ್ ಓಡಿಸಿದವರಿಗೂ ಇದು ಸುಲಭವಲ್ಲ. ಹಾಗಾಗಿ ನಿಮ್ಮದು ಪುಕ್ಕಲುತನ ಎಂಬ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ.

ನಿಮ್ಮ ಭಯದಲ್ಲಿ ಎರಡು ಪಾಲಿದೆ. ಒಂದು ಹಳೆಯ ನೆನಪಿನದು, ಇನ್ನೊಂದು ವಿವೇಕದ್ದು. ಮೊದಲನೆಯದು ಯಾವ ದೋಣಿ ಕಂಡರೂ ಒಂದೇ ಸಮ ಕೂಗುತ್ತದೆ. ಅದನ್ನು ಶಾಂತಗೊಳಿಸಬೇಕು. ಎರಡನೆಯದು ಈ ದೋಣಿ ಸರಿ, ಆ ದೋಣಿ ಬೇಡ ಎಂದು ಬೇರ್ಪಡಿಸಿ ಹೇಳಬಲ್ಲದು. ಅದನ್ನು ಜೋಪಾನವಾಗಿ ಜೊತೆಗೆ ಒಯ್ಯಬೇಕು. ಭಯವನ್ನೆಲ್ಲ ಒಟ್ಟಿಗೆ ಗುಡಿಸಿ ಹಾಕಿ ಹೊರಡಿ ಎಂದು ನಾನು ಹೇಳುವುದಿಲ್ಲ.

ಮಗನಿಗೆ ಹೇಳುವುದು ಹೇಗೆ?

ಪ್ರಯಾಣದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಫೆರಿ ಕಟ್ಟೆಯ ಮುಂದೆ ಸರದಿಯಲ್ಲಿ ನಿಂತಾಗಂತೂ ಬೇಡ. ಈ ವಾರವೇ, ಬೈಕಿಗೆ ಚೈನ್ ಆಯಿಲ್ ಹಾಕುವಾಗಲೋ ಸಾಮಾನು ಪಟ್ಟಿ ಮಾಡುವಾಗಲೋ, ಇಬ್ಬರ ಕೈಗೂ ಏನಾದರೂ ಕೆಲಸವಿದ್ದಾಗ ಮಾತು ತೆಗೆಯಿರಿ. ಎದುರುಬದುರು ಕೂತು ಹೇಳಲಾಗದ್ದನ್ನು ಗಂಡಸರು ಪಕ್ಕಪಕ್ಕ ಕೆಲಸ ಮಾಡುತ್ತಾ ಹೇಳಿಕೊಳ್ಳುವುದನ್ನು ನಾನು ಬಹಳ ನೋಡಿದ್ದೇನೆ. ಮಾತು ಉದ್ದ ಬೇಕಿಲ್ಲ. ‘ನೋಡಪ್ಪಾ, ನಾನು ಚಿಕ್ಕವನಿದ್ದಾಗ ನಮ್ಮ ಚಿಕ್ಕಪ್ಪ ಹರಿಗೋಲು ಮಗುಚಿ ಹೋದರು. ನಾನು ಅಲ್ಲೇ ಇದ್ದೆ. ಆವತ್ತಿನಿಂದ ದೋಣಿ ಹತ್ತಿಲ್ಲ. ಈಗ ನಿನ್ನ ಜೊತೆ ಹತ್ತಬೇಕು ಅಂತ ಮನಸ್ಸಿದೆ. ನಿನ್ನ ಸಹಾಯ ಬೇಕು.’ ಇಷ್ಟು ಸಾಕು.

ಇದನ್ನು ಕೇಳಿದ ಇಪ್ಪತ್ತು ವರ್ಷದ ಹುಡುಗ ಅಪ್ಪನನ್ನು ಪುಕ್ಕಲ ಎಂದುಕೊಳ್ಳುವುದಿಲ್ಲ. ಸುಳ್ಳು ಹೇಳಿದ್ದು ಆಮೇಲೆ ಗೊತ್ತಾದರೆ ಮಾತ್ರ ನೊಂದುಕೊಳ್ಳುತ್ತಾನೆ. ಫೆರಿ ನಡೆಯುತ್ತಿದೆಯೋ ಇಲ್ಲವೋ ಎಂಬುದು ಅವನ ಫೋನಿನಲ್ಲಿ ಎರಡು ನಿಮಿಷಕ್ಕೆ ತಿಳಿಯುತ್ತದೆ. ಬೈಕ್ ಯಾತ್ರೆಯಲ್ಲಿ ಜೊತೆಗಾರನ ಮಾತಿನ ಮೇಲಿನ ನಂಬಿಕೆ ತೀರಾ ಮುಖ್ಯ. ಮುಂದಿನ ಬೈಕಿನವನು ಕೈಮಾಡಿ ತೋರಿಸಿದ ಕಡೆ ಗುಂಡಿಯಿದೆ ಎಂದು ಹಿಂದಿನವನು ನೋಡದೆಯೇ ನಂಬಬೇಕು. ಸುಳ್ಳಿನಿಂದ ಹೊರಟ ಪ್ರಯಾಣದಲ್ಲಿ ಆ ನಂಬಿಕೆ ಉಳಿಯುವುದಿಲ್ಲ.

ಇನ್ನೊಂದು ವಿಷಯ. ‘ಅವನಿಗೇನಾದರೂ ಆದರೆ’ ಎಂಬ ಹೊರೆಯನ್ನು ಅವನ ಮೇಲೆ ಹೊರಿಸಬೇಡಿ. ‘ನಿನ್ನಿಂದಾಗಿ ನನಗೆ ನಿದ್ದೆ ಇಲ್ಲ’ ಎಂಬ ಅರ್ಥ ಬರುವ ಮಾತು ಬೇಡ. ಅವನಿಗೆ ಒಂದು ಕೆಲಸ ವಹಿಸಿ. ಫೆರಿಗಳ ಹೊತ್ತು, ಉಬ್ಬರ ಇಳಿತದ ಲೆಕ್ಕ, ಲೈಫ್ ಜಾಕೆಟ್ ಕೇಳಿ ಪಡೆಯುವುದು, ಇವೆಲ್ಲ ಅವನ ಜವಾಬ್ದಾರಿಯಾಗಲಿ. ಮುಂದಾಳತ್ವ ಅವನಿಗೂ ಹಿಡಿಸುತ್ತದೆ, ನಿಮ್ಮ ಭಾರವೂ ಇಳಿಯುತ್ತದೆ.

ದಾರಿಯಲ್ಲೇ ಮೆಟ್ಟಿಲುಗಳಿವೆ

ಇಂಥ ಭಯಕ್ಕೆ ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದ ದಾರಿಯೊಂದಿದೆ. ಭಯಪಡುವ ವಸ್ತುವನ್ನು ಸುಲಭದಿಂದ ಕಷ್ಟದ ಕಡೆಗೆ, ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ತಪ್ಪಿಸಿಕೊಂಡ ಕೂಡಲೇ ಸಿಗುವ ನಿರಾಳ ಅದಕ್ಕೆ ಗೊಬ್ಬರವಾಗುತ್ತದೆ. ಎದುರಿಸಿ ಸುರಕ್ಷಿತವಾಗಿ ಹೊರಬಂದ ಪ್ರತಿ ಸಲವೂ ಮಿದುಳು ಹೊಸ ಪಾಠ ಕಲಿಯುತ್ತದೆ.

ನಿಮ್ಮ ಮಗ ಹಾಕಿರುವ ದಾರಿಯಲ್ಲಿ ಈ ಮೆಟ್ಟಿಲುಗಳು ತಾವಾಗಿಯೇ ಇವೆ. ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಇಳಿದರೆ ಗೋಕರ್ಣ ಹತ್ತಿರ. ಅಲ್ಲಿನ ತದಡಿಯಿಂದ ಅಘನಾಶಿನಿ ಹೊಳೆಯ ಆಚೆ ದಡಕ್ಕೆ ಜನ ದಿನವೂ ದಾಟುತ್ತಾರೆ. ಮೊದಲ ದಿನ ಬೈಕ್‌ಗಳನ್ನು ಈಚೆಯೇ ನಿಲ್ಲಿಸಿ, ಇಬ್ಬರೇ ಹತ್ತಿ, ಆಚೆ ದಡದಲ್ಲಿ ಒಂದು ಚಹಾ ಕುಡಿದು ವಾಪಸ್ ಬನ್ನಿ. ಮೀನು ಬುಟ್ಟಿಯ ಹೆಂಗಸರು, ಶಾಲೆಯ ಮಕ್ಕಳು ಬಸ್ಸಿನಲ್ಲಿ ಕೂತಷ್ಟೇ ಸಹಜವಾಗಿ ಕೂತಿರುವುದನ್ನು ನೋಡಿ. ಅದು ಮೊದಲ ಮೆಟ್ಟಿಲು.

ಎರಡನೆಯದು ಗೋವಾದ ಉತ್ತರ ತುದಿಯಲ್ಲಿ, ಕೇರಿಯಿಂದ ತೆರೆಖೋಲ್‌ಗೆ. ಸಣ್ಣ ದಾಟು, ಎದುರು ದಡ ಕಣ್ಣಿಗೇ ಕಾಣುತ್ತದೆ. ಇಲ್ಲಿ ಇಳಿತ ಹೆಚ್ಚಾಗಿ ನೀರು ಕಡಿಮೆಯಾದಾಗ ಫೆರಿ ಕೆಲ ಹೊತ್ತು ನಿಲ್ಲುವುದುಂಟು. ಆಗ ಸ್ವಲ್ಪ ಒಳನಾಡಿನ ಸೇತುವೆಯ ಮೇಲೆ ಸುತ್ತಿ ಹೋಗಬಹುದು.

ಆಮೇಲೆ ಮಹಾರಾಷ್ಟ್ರದ ಕೊಂಕಣ. ವೆಂಗುರ್ಲಾ, ಮಾಲ್ವಣ, ದೇವಗಡ, ರತ್ನಾಗಿರಿ ದಾಟಿದ ಮೇಲೆ ನಾಲ್ಕು ದೊಡ್ಡ ದಾಟುಗಳಿವೆ. ಶಾಸ್ತ್ರಿ ನದಿಗೆ ಜಯಗಡದಿಂದ ತವಸಾಳ, ವಾಶಿಷ್ಠಿಗೆ ಧೋಪಾವೆಯಿಂದ ದಾಭೋಳ, ಸಾವಿತ್ರಿಗೆ ವೇಶ್ವಿಯಿಂದ ಬಾಗಮಾಂಡ್ಲಾ, ಮುರುಡ್ ಜಂಜೀರಾ ಕೋಟೆಯ ಪಕ್ಕದ ರಾಜಪುರಿ ಕೊಲ್ಲಿಗೆ ದಿಘಿಯಿಂದ ಅಗರದಾಂಡಾ. ಸ್ಥಳೀಯರು ಇವನ್ನು ಜಂಗಲ್ ಜೆಟ್ಟಿ ಎನ್ನುತ್ತಾರೆ. ಇವು ನಿಮ್ಮ ನೆನಪಿನ ಹರಿಗೋಲಿನಂತಲ್ಲ. ಹರಿಗೋಲು ಬಿದಿರಿನ ದುಂಡು ಬುಟ್ಟಿ. ಒಂದು ಕಡೆ ನಾಲ್ಕು ಜನ ವಾಲಿದರೂ ಅದು ಓಲಾಡುತ್ತದೆ. ಜಂಗಲ್ ಜೆಟ್ಟಿಯದು ಕಬ್ಬಿಣದ ಅಗಲವಾದ ಚಪ್ಪಟೆ ಅಂಗಳ. ಬೈಕ್, ಕಾರು ಮಾತ್ರವಲ್ಲ, ಬಸ್ಸುಗಳನ್ನೂ ಹೊತ್ತು ದಾಟುತ್ತದೆ. ದಾಟುವ ಹೊತ್ತು ಹತ್ತಿಪ್ಪತ್ತು ನಿಮಿಷ. ದಾಭೋಳದ ಫೆರಿ 2003ರಿಂದ ನಡೆಯುತ್ತಿದೆ. ಸುತ್ತಿ ಹೋಗುವ ಹತ್ತಾರು ಕಿಲೋಮೀಟರ್ ಇವುಗಳಿಂದ ಉಳಿಯುತ್ತದೆ.

ಕೊನೆಯ ಮೆಟ್ಟಿಲು ಮಾಂಡ್ವಾದಿಂದ ಮುಂಬೈಯ ಭಾವೂಚಾ ಧಕ್ಕಾಕ್ಕೆ. ಇಲ್ಲಿ ಮಗ ಒಂದು ವಿಷಯ ಸರಿಯಾಗಿ ತಿಳಿದಿರಲಿ. ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗುವ ಲಾಂಚ್‌ಗಳು ಜನರಿಗೆ ಮಾತ್ರ. ಬೈಕ್ ಬೇಕಾದರೆ 2020ರ ಮಾರ್ಚ್‌ನಲ್ಲಿ ಶುರುವಾದ ರೋ-ರೋ ಹಡಗನ್ನೇ ಹತ್ತಬೇಕು, ಟಿಕೆಟ್ ಮುಂಚೆಯೇ ಬುಕ್ ಮಾಡಬೇಕು. ದೊಡ್ಡ ಹಡಗು. ಬೈಕ್ ಕೆಳಗೆ, ನೀವು ಮೇಲೆ, ಸುಮಾರು ಒಂದು ಗಂಟೆಯ ದಾರಿ.

ಈ ಕೊನೆಯದನ್ನು ಹತ್ತಲೇಬೇಕೆಂದು ಈಗಲೇ ಪಣ ತೊಡಬೇಡಿ. ಹಿಂದಿನವನ್ನೆಲ್ಲ ದಾಟಿ ಅಲಿಬಾಗ್ ತಲುಪಿದ ರಾತ್ರಿ ಮಗನ ಜೊತೆ ಕೂತು ತೀರ್ಮಾನಿಸಿ. ಬೇಡವೆನಿಸಿದರೆ ಪೇಣ್, ಪನ್ವೇಲ್ ಮೇಲೆ ರಸ್ತೆಯಿದೆ. ಅಟಲ್ ಸೇತುವಿನ ಮೇಲೆ ಬೈಕ್‌ಗಳಿಗೆ ಪ್ರವೇಶವಿಲ್ಲ, ಆದ್ದರಿಂದ ವಾಶಿಯ ಕಡೆಯಿಂದಲೇ ಮುಂಬೈ ಹೊಗಬೇಕು. ದಾರಿ ಉದ್ದವಾದರೂ ತೊಂದರೆಯಿಲ್ಲ. ಇನ್ನೊಂದು ದಾರಿ ಇದ್ದೇ ಇದೆ ಎಂದು ಗೊತ್ತಿದ್ದವರಿಗೆ ಹಡಗು ಹತ್ತುವ ಧೈರ್ಯ ಹೆಚ್ಚು ಸುಲಭವಾಗಿ ಬರುತ್ತದೆ.

ಕೈಯಲ್ಲಿರುವುದನ್ನು ಸರಿಯಾಗಿ ಮಾಡಿ

ಚಾಲಕನ ಕೆಲಸ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಸಾಕಷ್ಟಿದೆ. ಅದನ್ನು ಶಿಸ್ತಿನಿಂದ ಮಾಡುವವರ ಮನಸ್ಸು ಕಲ್ಪನೆಗೆ ಕಡಿಮೆ ಸಿಕ್ಕುತ್ತದೆ.

ಬೈಕ್ ಸವಾರರಿಗೆ ಫೆರಿಯ ನಿಜವಾದ ಅಪಾಯದ ಜಾಗ ನಡುನೀರಲ್ಲ, ಹತ್ತುವ ಇಳಿಯುವ ಇಳಿಜಾರು. ಧೋಪಾವೆಯಂಥ ಕಡೆ ಫೆರಿ ಬಂದು ತಾಗುವುದನ್ನು ಗಮನಿಸಿ. ಮುಂದಿನ ಕಬ್ಬಿಣದ ಹಲಗೆ ಕರಕರ ಸದ್ದು ಮಾಡುತ್ತಾ ಕೆಳಗಿಳಿದು ಕಾಂಕ್ರೀಟಿನ ಮೇಲೆ ಕೂರುತ್ತದೆ. ಆಚೆಯಿಂದ ಬಂದ ವಾಹನಗಳು ಮೊದಲು ಇಳಿಯುತ್ತವೆ. ಕೈಸನ್ನೆ ಮಾಡುವ ಹುಡುಗ ಕಾರುಗಳನ್ನು ನಡುವಿಗೆ, ಬೈಕ್‌ಗಳನ್ನು ಸಂದಿಗೆ ಕರೆಯುತ್ತಾನೆ. ಇಳಿತದ ಹೊತ್ತಿನಲ್ಲಿ ಇಳಿಜಾರಿನ ಕೆಳಭಾಗ ಬಯಲಾಗಿ, ಅದರ ಮೇಲೆ ಹಸಿರು ಪಾಚಿ, ಮರಳು, ಒದ್ದೆ. ಕಾಂಕ್ರೀಟು ಮುಗಿದು ಕಬ್ಬಿಣ ಶುರುವಾಗುವಲ್ಲಿ ಸಣ್ಣ ಏರು. ಹೊಸಬರು ಬೀಳುವುದು ಅಲ್ಲಿ. ಮುಂದಿನ ವಾಹನ ಪೂರ್ತಿ ಒಳಗೆ ಹೋಗುವವರೆಗೆ ಮೇಲೆಯೇ ಕಾಯಿರಿ. ಮೊದಲ ಗೇರಿನಲ್ಲಿ, ಹ್ಯಾಂಡಲ್ ನೇರವಾಗಿಟ್ಟು, ನಡುವೆ ನಿಲ್ಲಿಸದೆ ಒಂದೇ ಸಮ ಹೋಗಿ. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡಿ. ತಿರುವೇನಿದ್ದರೂ ಡೆಕ್ಕಿನ ಮೇಲೆ ಹೋದ ಮೇಲೆ. ಒದ್ದೆ ಕಬ್ಬಿಣದ ಮೇಲೆ ಬೂಟಿನ ಕಾಲೂ ಜಾರುತ್ತದೆ, ಊರುವಾಗ ನೋಡಿಕೊಳ್ಳಿ.

ಒಳಗೆ ನಿಲ್ಲಿಸಿದ ಮೇಲೆ ಇಂಜಿನ್ ಆಫ್ ಮಾಡಿ ಬೈಕನ್ನು ಮೊದಲ ಗೇರಿನಲ್ಲಿಯೇ ಬಿಡಿ, ಆಗ ಚಕ್ರ ಉರುಳುವುದಿಲ್ಲ. ಹೊಳೆ ದಾಟುವ ಫೆರಿಯಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಪಕ್ಕದಲ್ಲೇ ನಿಂತು ಒಂದು ಕೈ ಸೀಟಿನ ಮೇಲಿಟ್ಟರೆ ಸಾಕು. ಮುಂದಿನ ಬ್ರೇಕ್ ಲಿವರನ್ನು ರಬ್ಬರ್ ಬ್ಯಾಂಡಿನಿಂದಲೋ ಸಣ್ಣ ಬೆಲ್ಟಿನಿಂದಲೋ ಹಿಡಿಗೆ ಬಿಗಿದು ಕಟ್ಟಿದರೆ ಇನ್ನೂ ಒಳ್ಳೆಯದು. ಸಮುದ್ರದ ಹಡಗಿನಲ್ಲಿ ಬೈಕನ್ನು ಎಲ್ಲಿ, ಹೇಗೆ ನಿಲ್ಲಿಸಬೇಕೆಂದು ಸಿಬ್ಬಂದಿಯನ್ನೇ ಕೇಳಿ. ನಿಮ್ಮ ಬಳಿಯೂ ಎರಡು ಗಟ್ಟಿ ಪಟ್ಟಿಗಳಿರಲಿ.

ಇನ್ನು ನಿಮ್ಮ ಮೈಮೇಲಿನದು. ಬೈಕಿನಿಂದ ಇಳಿದ ಕೂಡಲೇ ಹೆಲ್ಮೆಟ್ ತೆಗೆಯಿರಿ, ಬೆನ್ನಿನ ಚೀಲ ಇಳಿಸಿ. ದಪ್ಪ ರೈಡಿಂಗ್ ಜಾಕೆಟನ್ನೂ ಕಳಚಿ. ರಸ್ತೆಯಲ್ಲಿ ಪ್ರಾಣ ಉಳಿಸುವ ಈ ಉಡುಪು ನೀರು ಕುಡಿದರೆ ಭಾರವಾಗಿ ಕೆಳಗೆಳೆಯುತ್ತದೆ. ಅದರ ಜಾಗದಲ್ಲಿ ಲೈಫ್ ಜಾಕೆಟ್ ತೊಟ್ಟು ಬಕಲ್‌ಗಳನ್ನೆಲ್ಲ ಹಾಕಿಕೊಳ್ಳಿ. ಉಳಿದವರು ಹಾಕಿಲ್ಲವೆಂದು ಸಂಕೋಚ ಬೇಡ. ಲೈಫ್ ಜಾಕೆಟ್ ಇರುವುದೇ ಈಜು ಬಾರದವರನ್ನೂ ನೀರಿನ ಮೇಲೆ ತೇಲಿಸಿ ಹಿಡಿಯುವುದಕ್ಕೆ. ದಾರಿಯುದ್ದಕ್ಕೂ ಸಿಗುತ್ತದೋ ಇಲ್ಲವೋ ಎಂಬ ಯೋಚನೆ ಕಾಡುವುದಾದರೆ ಎರಡನ್ನು ಕೊಂಡು ಬೈಕಿಗೆ ಕಟ್ಟಿಕೊಂಡೇ ಹೋಗಿ. ನಿಮ್ಮ ನೆಮ್ಮದಿಯ ಮುಂದೆ ಆ ಖರ್ಚು ದೊಡ್ಡದಲ್ಲ.

ಪಶ್ಚಿಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರಾಗುತ್ತದೆ. ಆದ್ದರಿಂದ ಸಮುದ್ರದ ದಾಟಿಗೆ ಬೆಳಗಿನ ಹಡಗನ್ನೇ ಆರಿಸಿ. ನೀವು ಆಯ್ದಿರುವ ಡಿಸೆಂಬರ್ ತಿಂಗಳು ಈ ಕರಾವಳಿಯಲ್ಲಿ ಶಾಂತ ಕಾಲವೇ. ದಾಟಿದ ದಿನ ಸಂಜೆ ಬೈಕನ್ನು ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ ಹಾಕಿ, ಉಪ್ಪುನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ.

ಎದೆ ಹೊಡೆದುಕೊಳ್ಳಲು ಶುರುವಾದರೆ

ಆಗಬಹುದು. ಆದರೆ ಗಾಬರಿ ಬೀಳಬೇಡಿ. ಇದ್ದಕ್ಕಿದ್ದಂತೆ ಬರುವ ಆತಂಕ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಉಸಿರನ್ನು ಮೂಗಿನಲ್ಲಿ ನಿಧಾನ ಎಳೆದುಕೊಳ್ಳಿ. ಬಿಡುವುದನ್ನು ಎಳೆದುಕೊಂಡಿದ್ದಕ್ಕಿಂತ ಉದ್ದವಾಗಿ ಬಿಡಿ. ಕಾಲನ್ನು ಸ್ವಲ್ಪ ಅಗಲಿಸಿ ಊರಿ, ಇಂಜಿನ್ನಿನ ನಡುಕ ಪಾದಕ್ಕೆ ತಟ್ಟುವುದನ್ನು ಗಮನಿಸಿ. ಕಣ್ಣು ಎದುರಿನ ದಡದ ಒಂದು ಮರದ ಮೇಲೋ ಮನೆಯ ಮೇಲೋ ಇರಲಿ, ಅಂಚಿನಲ್ಲಿ ಬಗ್ಗಿ ನೀರನ್ನೇ ನೋಡಬೇಡಿ. ಮಗನಿಗೆ ‘ಈಗ ಶುರುವಾಗಿದೆ’ ಎಂದು ಹೇಳಿ. ಅವನು ಸುಮ್ಮನೆ ಪಕ್ಕದಲ್ಲಿ ನಿಲ್ಲಲಿ. ‘ಏನಿಲ್ಲ ಬಿಡಪ್ಪ’ ಎಂದು ಸಮಾಧಾನ ಹೇಳುವುದಕ್ಕಿಂತ ‘ಇನ್ನೆಷ್ಟು ದೂರವಿದೆ ನೋಡು’ ಎಂದು ಮಾತಾಡಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಸಮುದ್ರದ ಮೇಲೆ ಹೊಟ್ಟೆ ತೊಳಸುವುದು ಬೇರೆ ವಿಷಯ. ಒಳಕಿವಿ ತೂಗಾಟವನ್ನು ಹೇಳುತ್ತದೆ, ಕಣ್ಣು ಮುಂದಿರುವ ಗೋಡೆಯನ್ನು ನೋಡಿ ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಎರಡರ ಜಗಳದಿಂದ ವಾಂತಿ ಬರುತ್ತದೆ. ಅದನ್ನು ಭಯ ಎಂದುಕೊಳ್ಳಬೇಡಿ. ಹೊರಗೆ ಗಾಳಿಯಲ್ಲಿ, ಹಡಗಿನ ನಡುಭಾಗದಲ್ಲಿ ನಿಂತು ದಿಗಂತ ನೋಡಿ. ಫೋನ್ ಜೇಬಿನಲ್ಲಿರಲಿ. ಬೆಳಗ್ಗೆ ಎರಡು ಇಡ್ಲಿ ತಿಂದು ಹತ್ತಿ, ಖಾಲಿ ಹೊಟ್ಟೆಯೂ ಬೇಡ, ಎಣ್ಣೆತಿಂಡಿಯೂ ಬೇಡ.

ವಾಂತಿ ತಡೆಯುವ ಮಾತ್ರೆಯ ಬಗ್ಗೆ ಎಚ್ಚರ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಇಂಥ ಮಾತ್ರೆಗಳಲ್ಲಿ ಹಲವು ಗಂಟೆಗಟ್ಟಲೆ ತೂಕಡಿಕೆ ತರುತ್ತವೆ. ಬಸ್ಸಿನ ಪ್ರಯಾಣಿಕ ನುಂಗಿ ಮಲಗಬಹುದು. ನೀವು ಇಳಿದ ಕೂಡಲೇ ಮುಂಬೈಯ ಟ್ರಾಫಿಕ್ಕಿನಲ್ಲಿ ಬೈಕ್ ಓಡಿಸಬೇಕು. ನಿಮ್ಮ ವೈದ್ಯರನ್ನು ಕೇಳದೆ, ಬೈಕ್ ಓಡಿಸುವವನು ಎಂದು ಹೇಳದೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬೇಡಿ. ಭಯ ಕಡಿಮೆ ಮಾಡುವ ಮಾತ್ರೆಗೂ ಇದೇ ಮಾತು.

ನಿಮ್ಮ ಸ್ನೇಹಿತರ ಪೆಗ್ಗಿನ ಸಲಹೆ ಕೆಟ್ಟದ್ದು. ಕುಡಿದವನಿಗೆ ಪಾಚಿ ಹಿಡಿದ ಇಳಿಜಾರಿನಲ್ಲಿ ಬೈಕ್ ಹಿಡಿತ ತಪ್ಪುತ್ತದೆ, ನೀರಿಗೆ ಬಿದ್ದರೆ ಚೇತರಿಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಕುಡಿದು ವಾಹನ ಓಡಿಸಿದ ಮೊದಲ ಅಪರಾಧಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಕುಡಿದು ದಾಟಿದರೆ ಮಿದುಳು ಏನನ್ನೂ ಕಲಿಯುವುದಿಲ್ಲ. ಮುಂದಿನ ಫೆರಿಗೆ ಭಯ ಹಾಗೆಯೇ ಕಾಯುತ್ತಿರುತ್ತದೆ. ಮಗ ಇದನ್ನೆಲ್ಲ ನೋಡುತ್ತಿರುತ್ತಾನೆ ಎಂಬುದನ್ನೂ ಮರೆಯಬೇಡಿ.

ಹತ್ತಬಾರದ ದೋಣಿಗಳೂ ಇವೆ

ವಿವೇಕದ ಭಯವನ್ನು ಜೊತೆಗೆ ಒಯ್ಯಿರಿ ಎಂದೆನಲ್ಲ, ಅದರ ಕೆಲಸ ಇಲ್ಲಿದೆ. 2019ರ ಜನವರಿಯಲ್ಲಿ ನಮ್ಮ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಹೋದರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮುಳುಗಿ 22 ಜನ ಸತ್ತರು. ಎರಡೂ ಕಡೆ ದೋಣಿಯ ಅಳತೆ ಮೀರಿ ಜನರನ್ನು ತುಂಬಿದ್ದರು, ಲೈಫ್ ಜಾಕೆಟ್ ಹಾಕಿದ್ದವರು ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಇಂಥ ದುರಂತಗಳ ಹಿಂದೆ ಹಣೆಬರಹಕ್ಕಿಂತ ಹೆಚ್ಚಾಗಿ ದಡದಲ್ಲೇ ಕಣ್ಣಿಗೆ ಬೀಳುವ ಕಾರಣಗಳಿರುತ್ತವೆ. ಕಣ್ಣಿಗೆ ಬಿದ್ದದ್ದನ್ನು ನೋಡಿ ಹಿಂದೆ ಸರಿಯುವ ಸ್ವಾತಂತ್ರ್ಯ ನಿಮಗಿದೆ. ಹನ್ನೊಂದು ವರ್ಷದ ಹುಡುಗನಿಗೆ ಅದಿರಲಿಲ್ಲ, ನಿಮಗಿದೆ.

ಹಾಗಾಗಿ ಮನೆಯಲ್ಲೇ ಕೂತು ಅಪ್ಪ ಮಗ ಕೆಲವು ನಿಯಮ ಬರೆದುಕೊಳ್ಳಿ. ತುಂಬಿ ತುಳುಕುವ ದೋಣಿ ಹತ್ತುವುದಿಲ್ಲ, ಮುಂದಿನದಕ್ಕೆ ಕಾಯುತ್ತೇವೆ. ಕತ್ತಲಾದ ಮೇಲೆ ಹತ್ತುವುದಿಲ್ಲ. ಬೈಕ್‌ಗಾಗಿ ಮಾಡದ ಮೀನು ದೋಣಿಗೆ ಹಲಗೆ ಹಾಕಿ ‘ಬನ್ನಿ, ದಾಟಿಸುತ್ತೇವೆ’ ಎಂದು ಕರೆದರೆ ಹತ್ತುವುದಿಲ್ಲ. ಲೈಫ್ ಜಾಕೆಟ್ ಇಲ್ಲದೆ ಹತ್ತುವುದಿಲ್ಲ. ಗಾಳಿಮಳೆಯ ಮುನ್ಸೂಚನೆಯಿದ್ದರೆ ರಸ್ತೆಯೇ ಸರಿ. ಇಬ್ಬರಲ್ಲಿ ಯಾರೊಬ್ಬರು ಬೇಡವೆಂದರೂ ಇನ್ನೊಬ್ಬರು ವಾದ ಮಾಡದೆ ಬೈಕ್ ತಿರುಗಿಸಬೇಕು. ಈ ಕೊನೆಯ ನಿಯಮ ನಿಮಗೆಷ್ಟು ಅನ್ವಯಿಸುತ್ತದೋ ಮಗನಿಗೂ ಅಷ್ಟೇ. ನಿಯಮಗಳು ಮೊದಲೇ ಇದ್ದರೆ ಕಟ್ಟೆಯ ಮೇಲೆ ನಿಂತಾಗ ಭಯ ಹೇಳುತ್ತಿದೆಯೋ ವಿವೇಕ ಹೇಳುತ್ತಿದೆಯೋ ಎಂಬ ಗೊಂದಲ ಇರುವುದಿಲ್ಲ. ನಿಯಮಕ್ಕೆ ಒಪ್ಪುವ ದೋಣಿಯಾದರೆ, ಎದೆ ಹೊಡೆದುಕೊಂಡರೂ ಹತ್ತಿ. ಒಪ್ಪದ್ದಾದರೆ, ಧೈರ್ಯವಿದ್ದರೂ ಬೇಡ.

ಫೆರಿಗಳ ಹೊತ್ತು, ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿ. ಪ್ರತಿ ದಾಟಿಗೂ ಸುತ್ತಿನ ರಸ್ತೆಯನ್ನು ನಕ್ಷೆಯಲ್ಲಿ ಗುರುತಿಟ್ಟುಕೊಳ್ಳಿ. ಅದಕ್ಕೆ ಬೇಕಾಗುವ ಪೆಟ್ರೋಲು, ಹೊತ್ತು ಎರಡೂ ಲೆಕ್ಕದಲ್ಲಿರಲಿ. ಕತ್ತಲಾಗುತ್ತಿದೆ, ಬೇರೆ ದಾರಿಯಿಲ್ಲ ಎಂಬ ಸ್ಥಿತಿಯಲ್ಲಿ ಯಾರೂ ಸರಿಯಾದ ತೀರ್ಮಾನ ಮಾಡಲಾರರು.

ನಿಮ್ಮವರಿಗೂ ಒಂದು ಮಾತು

ನಿಮ್ಮ ಹೆಂಡತಿ ಈ ಗುಟ್ಟನ್ನು ಇಷ್ಟು ವರ್ಷ ನಿಮ್ಮ ಜೊತೆ ಹೊತ್ತಿದ್ದಾರೆ. ಮನೆಯಲ್ಲಿ ಕಾಯುವವರ ಆತಂಕ ಪ್ರಯಾಣಿಸುವವರ ಆತಂಕಕ್ಕಿಂತ ಕಡಿಮೆಯದಲ್ಲ. ಪ್ರತಿ ದಾಟು ಮುಗಿದ ಮೇಲೆ ‘ದಾಟಿದೆವು’ ಎಂದು ಒಂದು ಸಂದೇಶ ಕಳಿಸಿ. ಕೊಂಕಣದ ಕೆಲವು ಕಡೆ ನೆಟ್‌ವರ್ಕ್ ಸಿಗದಿರಬಹುದು, ಅದನ್ನೂ ಮೊದಲೇ ಹೇಳಿಡಿ. ಇಲ್ಲದಿದ್ದರೆ ಬಾರದ ಒಂದು ಸಂದೇಶಕ್ಕೆ ಅವರು ಇಡೀ ರಾತ್ರಿ ಎದ್ದಿರುತ್ತಾರೆ.

ಡಿಸೆಂಬರಿಗೆ ಇನ್ನೂ ಸಮಯವಿದ್ದರೆ ದಾವಣಗೆರೆಯ ಈಜುಕೊಳದಲ್ಲಿ ತರಬೇತುದಾರರ ಬಳಿ ನೀರಿನಲ್ಲಿ ತೇಲುವುದನ್ನಷ್ಟೇ ಕಲಿಯಿರಿ. ಪೂರ್ತಿ ಈಜು ಬರದಿದ್ದರೂ ಚಿಂತೆಯಿಲ್ಲ. ಎದೆಮಟ್ಟದ ನೀರಿನಲ್ಲಿ ಬೆನ್ನ ಮೇಲೆ ಮಲಗಿ ಅರ್ಧ ನಿಮಿಷ ತೇಲಿದವನಿಗೆ ನೀರು ಮೊದಲಿನಷ್ಟು ಅಪರಿಚಿತವಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ಆದರೂ ರಾತ್ರಿ ನಿದ್ದೆ ಬಾರದೆ, ಆ ದೃಶ್ಯ ಕಣ್ಣಮುಂದೆ ಪದೇ ಪದೇ ಬರುತ್ತಿದ್ದರೆ, ಕೆಲಸದಲ್ಲೂ ಮನಸ್ಸು ನಿಲ್ಲದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಹಳೆಯ ಆಘಾತಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಮೊದಲು ಫೋನಿನಲ್ಲಿ ಮಾತಾಡಬೇಕೆನಿಸಿದರೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಚಿಕ್ಕಪ್ಪನ ಸಾವು ನಿಮ್ಮ ತಪ್ಪಲ್ಲ. ಅದನ್ನು ಮಗನಿಗೆ ಹೇಳುವುದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ. ರೋ-ರೋ ಟಿಕೆಟ್ ಬುಕ್ ಮಾಡುವುದು, ಲೈಫ್ ಜಾಕೆಟ್ ಕೊಳ್ಳುವುದು ಎಲ್ಲ ಆಮೇಲೆ ಇರಲಿ. ಈ ಭಾನುವಾರ ಮೊದಲು ಅವನ ಹತ್ತಿರ ಮಾತಾಡಿ.